ಹೆಸರಿಲ್ಲದ ಚಿತ್ರ, ಅರಿಯದ ತಪ್ಪು

ನಿಮ್ಮ ಧರ್ಮಕೇಂದ್ರದ ಹಬ್ಬದ ಆಮಂತ್ರಣ ಪತ್ರಿಕೆ ಮನೆಯಲ್ಲಿದ್ದರೆ ಒಮ್ಮೆ ಕೈಗೆತ್ತಿಕೊಂಡು ನೋಡಿ. ಮುಖಪುಟದ ಮೇಲೆ ಉರಿಯುವ ಮೇಣದ ಬತ್ತಿಗಳ ಸಾಲೋ, ಮಾಗಿದ ಗೋಧಿಯ ತೆನೆಯೋ, ಬೆಟ್ಟದ ಹಿಂದಿನಿಂದ ಮೂಡುವ ಸೂರ್ಯನೋ ಇದ್ದೀತು. ಈ ಚಿತ್ರ ಎಲ್ಲಿಂದ ಬಂತೆಂದು ಪತ್ರಿಕೆಯನ್ನು ಸಿದ್ಧಪಡಿಸಿದ ಯುವಕನನ್ನು ಕೇಳಿದರೆ ‘ಅಂತರಜಾಲದಿಂದ’ ಎಂಬ ಉತ್ತರ ದೊರೆಯುತ್ತದೆ. ಅದನ್ನು ತೆಗೆದವರು ಯಾರು, ಬಳಸಲು ಅವರ ಒಪ್ಪಿಗೆ ಬೇಕಿರಲಿಲ್ಲವೇ ಎಂದು ಮತ್ತೆ ಕೇಳಿದರೆ ಆತ ಬೆರಗಾಗಿ ನಿಮ್ಮ ಮುಖವನ್ನೇ ನೋಡುತ್ತಾನೆ. ಆತನ ಮನಸ್ಸಿನಲ್ಲಿ ಕಳವಿನ ಯೋಚನೆ ಎಳ್ಳಷ್ಟೂ ಇಲ್ಲ. ರಾತ್ರಿಯೆಲ್ಲ ಕುಳಿತು, ಬಿಡಿಗಾಸಿನ ಪ್ರತಿಫಲವನ್ನೂ ಬಯಸದೆ ಧರ್ಮಕೇಂದ್ರಕ್ಕಾಗಿ ದುಡಿದವನು ಆತ.

ಆದರೂ ಕಾನೂನಿನ ಕಣ್ಣಿನಲ್ಲಿ ಆತ ಮತ್ತೊಬ್ಬರ ಸ್ವತ್ತನ್ನು ಕೇಳದೆ ಬಳಸಿದವನಾಗಿರಬಹುದು. ಅದೇ ಪತ್ರಿಕೆ ಧರ್ಮಕೇಂದ್ರದ ಜಾಲತಾಣವನ್ನೇರಿದರೆ, ಎಂದಾದರೊಂದು ದಿನ ಹಣ ಕೇಳುವ ವಕೀಲರ ಪತ್ರವೊಂದು ಬಾಗಿಲಿಗೆ ಬಂದರೂ ಬರಬಹುದು. ಪಾಶ್ಚಾತ್ಯ ದೇಶಗಳಲ್ಲಿ ಸಣ್ಣ ಅಂಗಡಿಗಳಿಗೆ, ಶಾಲೆಗಳಿಗೆ, ಸೇವಾಸಂಸ್ಥೆಗಳಿಗೆ ಇಂಥ ಪತ್ರಗಳು ಬರತೊಡಗಿ ಇಪ್ಪತ್ತು ವರ್ಷಗಳೇ ಸಂದಿವೆ. ಅವುಗಳಿಂದಾಗಿ ಒಂದು ಪ್ರಶ್ನೆ ಎದ್ದಿತು, ಆ ಪ್ರಶ್ನೆಯಿಂದ ಹೋರಾಟಗಳು ಹುಟ್ಟಿದವು, ಕೆಲವೆಡೆ ಕಾನೂನೂ ಬದಲಾಯಿತು. ಪ್ರಶ್ನೆ ಇಷ್ಟೇ: ಅರಿಯದೆ ಮಾಡಿದ ತಪ್ಪಿಗೆ ಎಷ್ಟು ದಂಡ ವಿಧಿಸಿದರೆ ಅದು ನ್ಯಾಯವೆನಿಸುತ್ತದೆ? ಇದನ್ನು ಅರ್ಥಮಾಡಿಕೊಳ್ಳಲು ನಾವು ಅಂತರಜಾಲಕ್ಕಿಂತ ಬಹಳ ಹಿಂದಕ್ಕೆ, ತಾಮ್ರದ ತಗಡಿನ ಕಾಲಕ್ಕೆ ಹೋಗಬೇಕಾಗುತ್ತದೆ.

ತಗಡಿನ ಮೇಲೆ ಕೆತ್ತಿದ ಹೆಸರು

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ವಿಲಿಯಂ ಹೊಗಾರ್ತ್ ಎಂಬ ಕಲಾವಿದನಿದ್ದ. ಆತ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೆತ್ತಿ, ಅಚ್ಚು ಹಾಕಿಸಿ ಮಾರುತ್ತಿದ್ದ. ಹಳ್ಳಿಯಿಂದ ಪಟ್ಟಣಕ್ಕೆ ಬಂದು ಬಾಳು ಹಾಳುಮಾಡಿಕೊಂಡ ಹೆಣ್ಣುಮಗಳೊಬ್ಬಳ ಕಥೆಯನ್ನು ಆರು ಚಿತ್ರಗಳಲ್ಲಿ ಹೇಳಿ 1732ರಲ್ಲಿ ಆತ ಹೊರತಂದಾಗ ಜನ ಮುಗಿಬಿದ್ದು ಕೊಂಡರು. ಆದರೆ ಕೆಲವೇ ದಿನಗಳಲ್ಲಿ ಬೇರೆ ಮುದ್ರಕರು ಅವನ್ನೇ ನಕಲು ಕೆತ್ತಿಸಿ ಅಗ್ಗದ ಬೆಲೆಗೆ ಮಾರತೊಡಗಿದರು. ಪುಸ್ತಕ ಬರೆದವರಿಗೆ 1710ರಲ್ಲಿ ಜಾರಿಗೆ ಬಂದ ರಾಣಿ ಆ್ಯನ್‌ಳ ಕಾಲದ ಶಾಸನದ ರಕ್ಷಣೆಯಿತ್ತು. ಚಿತ್ರ ಕೆತ್ತಿದವನಿಗೆ ಅಂಥ ಯಾವ ರಕ್ಷಣೆಯೂ ಇರಲಿಲ್ಲ.

ಹೊಗಾರ್ತ್ ಸುಮ್ಮನಿರಲಿಲ್ಲ. ಇತರ ಕೆತ್ತನೆಗಾರರನ್ನು ಕೂಡಿಸಿಕೊಂಡು ಸಂಸತ್ತಿನ ಮೊರೆಹೊಕ್ಕ. ಅದರ ಫಲವಾಗಿ 1735ರಲ್ಲಿ ಕೆತ್ತನೆಗಾರರ ಶಾಸನ ಜಾರಿಗೆ ಬಂತು. ಜನ ಅದನ್ನು ‘ಹೊಗಾರ್ತನ ಶಾಸನ’ ಎಂದೇ ಕರೆದರು. ತನ್ನ ಮುಂದಿನ ಚಿತ್ರಮಾಲೆ ಸಿದ್ಧವಾಗಿದ್ದರೂ ಶಾಸನ ಜಾರಿಯಾಗುವವರೆಗೆ ಆತ ತಡೆದು, 1735ರ ಜೂನ್ 25ರಂದು ಅದನ್ನು ಪ್ರಕಟಿಸಿದ. ಮೊದಲ ಪ್ರಕಟಣೆಯಿಂದ 14 ವರ್ಷಗಳ ಕಾಲ ಚಿತ್ರದ ಒಡೆಯನಿಗೆ ರಕ್ಷಣೆ. ಕದ್ದು ಮುದ್ರಿಸಿದವನು ತಗಡನ್ನೂ ಹಾಳೆಗಳನ್ನೂ ಒಪ್ಪಿಸಿ, ಪ್ರತಿಯೊಂದಕ್ಕೆ ಐದು ಷಿಲ್ಲಿಂಗ್ ದಂಡ ತೆರಬೇಕು. ಶಾಸನದ ತಿರುಳು ಇದು.

ಆದರೆ ನಮ್ಮ ಇಂದಿನ ವಿಚಾರಕ್ಕೆ ಮುಖ್ಯವಾದವು ಅದರಲ್ಲಿದ್ದ ಇನ್ನೆರಡು ಮಾತುಗಳು. ಮೊದಲನೆಯದು, ರಕ್ಷಣೆ ಬೇಕೆಂಬುವನು ತಗಡಿನ ಮೇಲೂ ಅಚ್ಚಾದ ಪ್ರತಿಯೊಂದು ಹಾಳೆಯ ಮೇಲೂ ತನ್ನ ಹೆಸರನ್ನೂ ಪ್ರಕಟಣೆಯ ದಿನಾಂಕವನ್ನೂ ನಮೂದಿಸಬೇಕಿತ್ತು. ಎರಡನೆಯದು, ನಕಲು ಪ್ರತಿಯನ್ನು ಮಾರುವ ಅಂಗಡಿಯವನು ‘ತಿಳಿದೂ ಮಾರಿದರೆ’ ಮಾತ್ರ ಅಪರಾಧಿಯಾಗುತ್ತಿದ್ದ. ಚಿತ್ರದ ಮೇಲೆಯೇ ಒಡೆಯನ ಹೆಸರು. ಆ ಹೆಸರು ಕಂಡ ಮೇಲೂ ತಪ್ಪು ಮಾಡಿದವನಿಗೆ ದಂಡ. ಕಲಾವಿದನ ಅನ್ನವನ್ನೂ ಅರಿಯದವನ ಮಾನವನ್ನೂ ಒಟ್ಟಿಗೆ ಕಾಯಲು ಹೊರಟ ಏರ್ಪಾಡು ಇದಾಗಿತ್ತು.

ಛಾಯಾಚಿತ್ರಕ್ಕೂ ಒಬ್ಬ ಕರ್ತೃ

ಛಾಯಾಚಿತ್ರ ಬಂದಾಗ ಹೊಸದೊಂದು ಅನುಮಾನ ಹುಟ್ಟಿತು. ಯಂತ್ರ ತೆಗೆದ ಚಿತ್ರಕ್ಕೆ ಕರ್ತೃ ಎಂಬುವನೊಬ್ಬನು ಇರುತ್ತಾನೆಯೇ? ಇಂಗ್ಲೆಂಡಿನಲ್ಲಿ 1862ರ ಶಾಸನ ವರ್ಣಚಿತ್ರಗಳ ಜೊತೆಗೆ ಛಾಯಾಚಿತ್ರಗಳಿಗೂ ರಕ್ಷಣೆ ನೀಡಿತ್ತು. ಅಮೆರಿಕದಲ್ಲಿ ಈ ಪ್ರಶ್ನೆ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಯಿತು. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ಎಂಬ ಛಾಯಾಗ್ರಾಹಕ 1882ರಲ್ಲಿ ಸಾಹಿತಿ ಆಸ್ಕರ್ ವೈಲ್ಡ್‌ನ ಚಿತ್ರವನ್ನು ತೆಗೆದಿದ್ದ. ಕಲ್ಲಚ್ಚಿನ ಕಂಪನಿಯೊಂದು ಅದರ 85,000 ಪ್ರತಿಗಳನ್ನು ಅಚ್ಚು ಹಾಕಿಬಿಟ್ಟಿತು. ಛಾಯಾಚಿತ್ರ ಯಾರ ಕೃತಿಯೂ ಅಲ್ಲ, ಅದು ಕೇವಲ ಯಂತ್ರದ ಫಲ ಎಂಬುದು ಕಂಪನಿಯ ಮುಖ್ಯ ವಾದ. ಚಿತ್ರದ ಮೇಲೆ ‘ಎನ್. ಸರೋನಿ’ ಎಂದಿದೆಯೇ ಹೊರತು ಪೂರ್ಣ ಹೆಸರಿಲ್ಲ, ಆದ್ದರಿಂದ ಹಕ್ಕಿನ ಸೂಚನೆ ಸಾಲದು ಎಂಬುದು ಇನ್ನೊಂದು ವಾದ. 1884ರಲ್ಲಿ ನ್ಯಾಯಾಲಯ ಎರಡನ್ನೂ ತಳ್ಳಿಹಾಕಿತು. ಭಂಗಿಯನ್ನೂ ಉಡುಪನ್ನೂ ನೆರಳು ಬೆಳಕನ್ನೂ ಆಯ್ದು ಜೋಡಿಸಿದವನು ಸರೋನಿ; ಆದ್ದರಿಂದ ಕೃತಿ ಆತನದು ಎಂದು ತೀರ್ಪು ನೀಡಿತು.

ನೋಡಿ, ಆಗಲೂ ವಾದ ನಡೆದದ್ದು ಚಿತ್ರದ ಮೇಲಿನ ಹೆಸರಿನ ಬಗ್ಗೆಯೇ. ಹೆಸರು ಎಲ್ಲಿ, ಹೇಗೆ ಬರೆದಿದೆ ಎಂಬುದರ ಮೇಲೆ ಒಬ್ಬನ ಜೀವಮಾನದ ಹಕ್ಕು ನಿಂತಿತ್ತು. ಈ ವ್ಯವಸ್ಥೆಯಲ್ಲಿ ಒಂದು ಕ್ರೌರ್ಯವೂ ಅಡಗಿತ್ತು. ಹೆಸರು ಹಾಕಲು ಮರೆತ ಕಲಾವಿದ, ದಾಖಲೆಯಲ್ಲಿ ಒಂದಕ್ಷರ ತಪ್ಪಿದ ಕಲಾವಿದ ತನ್ನ ಹಕ್ಕನ್ನೇ ಕಳೆದುಕೊಳ್ಳುವ ಸಂಭವವಿತ್ತು. ಅಮೆರಿಕದ ರಾಬರ್ಟ್ ಇಂಡಿಯಾನಾ ಎಂಬ ಕಲಾವಿದ 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಕ್ರಿಸ್ತಜಯಂತಿ ಶುಭಾಶಯ ಪತ್ರಕ್ಕಾಗಿ ‘ಲವ್’ ಎಂಬ ಒಂದೇ ಪದವನ್ನು ಎರಡು ಸಾಲಿನಲ್ಲಿ ಜೋಡಿಸಿ, ಒಂದಕ್ಷರವನ್ನು ವಾಲಿಸಿ ಚಿತ್ರಿಸಿದ. ವಿನ್ಯಾಸ ಕೆಡುತ್ತದೆಂದು ಹಕ್ಕಿನ ಸೂಚನೆಯನ್ನು ಅದಕ್ಕೆ ಹಾಕಲಿಲ್ಲ. 1973ರಲ್ಲಿ ಅದು ಅಂಚೆಚೀಟಿಯಾಯಿತು. ಬಟ್ಟಲುಗಳ ಮೇಲೆ, ಅಂಗಿಗಳ ಮೇಲೆ, ಶುಭಾಶಯ ಪತ್ರಗಳ ಮೇಲೆ ಜಗತ್ತಿನ ತುಂಬ ಹರಡಿತು. ರಚಿಸಿದವನಿಗೆ ಸಿಕ್ಕಿದ್ದು ಅತ್ಯಲ್ಪ. ಒಂದು ಸಾಲಿನ ಸೂಚನೆ ಇಲ್ಲದ್ದಕ್ಕೆ ಆತ ತೆತ್ತ ಬೆಲೆ ಅದು.

ಇಂಥ ಅನ್ಯಾಯವನ್ನು ಯೂರೋಪು ಬಹಳ ಮುಂಚೆಯೇ ಕಂಡುಕೊಂಡಿತ್ತು. 1886ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಕೃತಿಕಾರರ ರಕ್ಷಣೆಗಾಗಿ ಒಪ್ಪಂದ ಮಾಡಿಕೊಂಡವು. 1908ರಲ್ಲಿ ಬರ್ಲಿನ್ನಿನಲ್ಲಿ ಅದನ್ನು ಪರಿಷ್ಕರಿಸುವಾಗ ದೊಡ್ಡದೊಂದು ನಿರ್ಧಾರವಾಯಿತು: ಹಕ್ಕನ್ನು ಪಡೆಯಲು ಇನ್ನು ಯಾವ ವಿಧಿಯೂ ಬೇಕಿಲ್ಲ. ನೋಂದಣಿ ಬೇಡ, ಸೂಚನೆ ಬೇಡ, ಹೆಸರೂ ಬೇಡ. ಕೃತಿ ಹುಟ್ಟಿದ ಕ್ಷಣದಲ್ಲೇ ಹಕ್ಕೂ ಹುಟ್ಟುತ್ತದೆ. ಭಾರತ 1928ರಲ್ಲಿ ಈ ಒಪ್ಪಂದವನ್ನು ಸೇರಿತು. ತಡಮಾಡಿದ ಅಮೆರಿಕವೂ 1989ರ ಮಾರ್ಚ್ 1ರಿಂದ ಹಕ್ಕಿನ ಸೂಚನೆಯ ಕಡ್ಡಾಯವನ್ನು ಕೈಬಿಟ್ಟಿತು.

ಇದು ಕರುಣೆಯ ನಿರ್ಧಾರವಾಗಿತ್ತು ಎಂಬುದನ್ನು ನಾವು ಮರೆಯಬಾರದು. ಮರೆವಿನಿಂದಲೋ ಅಜ್ಞಾನದಿಂದಲೋ ಹೆಸರು ಹಾಕದ ಬಡ ಕಲಾವಿದನ ತಪ್ಪನ್ನು ಕಾನೂನು ಮನ್ನಿಸಿತು. ಆದರೆ ಅದರೊಂದಿಗೆ ಇನ್ನೊಂದು ಸಂಗತಿಯೂ ನಡೆಯಿತು. ಚಿತ್ರದ ಮೇಲಿನ ಹೆಸರು ಮಾಯವಾಯಿತು. ಹಕ್ಕು ಉಳಿಯಿತು, ಅದರ ಗುರುತು ಅಳಿಯಿತು.

ಒಂದು ಗುಂಡಿಯ ದೂರ

ಈ ಬದಲಾವಣೆಯ ಬೆನ್ನಿಗೇ ಅಂತರಜಾಲ ಬಂತು. 2001ರ ಜುಲೈನಲ್ಲಿ ಗೂಗಲ್ ಸಂಸ್ಥೆ ಚಿತ್ರಗಳನ್ನು ಹುಡುಕಿಕೊಡುವ ಸೇವೆಯನ್ನು ಆರಂಭಿಸಿತು. ‘ಸೂರ್ಯೋದಯ’ ಎಂದು ಬೆರಳಚ್ಚಿಸಿದರೆ ಸಾವಿರಾರು ಚಿತ್ರಗಳು ಸಾಲಾಗಿ ಬಂದು ನಿಲ್ಲುತ್ತವೆ. ಬಹಳಷ್ಟರ ಮೇಲೆ ಹೆಸರಿಲ್ಲ, ಬೆಲೆಯಿಲ್ಲ, ‘ಮುಟ್ಟಬೇಡಿ’ ಎಂಬ ಫಲಕವೂ ಇಲ್ಲ. ಹೊಗಾರ್ತನ ಕಾಲದಲ್ಲಿ ನಕಲು ಮಾಡುವವನು ತಾಮ್ರದ ತಗಡನ್ನು ಕೊಂಡು, ವಾರಗಟ್ಟಲೆ ಕೆತ್ತಿಸಿ, ಅಚ್ಚುಕೂಟವನ್ನು ಹುಡುಕಬೇಕಿತ್ತು. ಅಷ್ಟೆಲ್ಲ ಮಾಡುವವನಿಗೆ ತಾನು ಮಾಡುತ್ತಿರುವುದೇನೆಂದು ಚೆನ್ನಾಗಿ ಗೊತ್ತಿರುತ್ತಿತ್ತು. ಇಂದು ಶಾಲೆಯ ಹುಡುಗಿಯೂ ಒಂದು ಗುಂಡಿಯೊತ್ತಿ ಅದೇ ಕೆಲಸವನ್ನು ಕ್ಷಣದಲ್ಲಿ ಮಾಡಬಲ್ಲಳು, ತಾನು ಮಾಡಿದ್ದೇನೆಂದು ತಿಳಿಯದೆಯೇ.

ಇತ್ತ ಹುಡುಕುವ ಯಂತ್ರಗಳೂ ಬೆಳೆದವು. ಚಿತ್ರವೊಂದರ ನಕಲು ಜಗತ್ತಿನ ಯಾವ ಜಾಲತಾಣದಲ್ಲಿದ್ದರೂ ಪತ್ತೆಹಚ್ಚುವ ತಂತ್ರಾಂಶಗಳು ಬಂದವು. ದೊಡ್ಡ ಚಿತ್ರಸಂಗ್ರಹ ಸಂಸ್ಥೆಗಳೂ ಅವುಗಳ ಪರ ಕೆಲಸಮಾಡುವ ವಸೂಲಿ ಸಂಸ್ಥೆಗಳೂ ಹಣ ಕೇಳಿ ಪತ್ರ ಕಳುಹಿಸತೊಡಗಿದವು. ಆ ಪತ್ರಗಳ ಬಲ ಎಲ್ಲಿದೆಯೆಂದರೆ, ಅಮೆರಿಕದ ಕಾನೂನಿನಂತೆ ನೋಂದಾಯಿತ ಕೃತಿಯೊಂದಕ್ಕೆ ನ್ಯಾಯಾಲಯ 750ರಿಂದ 30,000 ಡಾಲರುಗಳವರೆಗೆ, ಬೇಕೆಂದೇ ಮಾಡಿದ್ದರೆ 1,50,000 ಡಾಲರುಗಳವರೆಗೆ ಪರಿಹಾರ ವಿಧಿಸಬಹುದು. ಅರಿಯದೆ ಮಾಡಿದ್ದೆಂದು ಸಾಬೀತಾದರೆ ಅದನ್ನು 200 ಡಾಲರಿಗೆ ಇಳಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಆದರೆ ಅದನ್ನು ಸಾಬೀತುಪಡಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ವಕೀಲರ ಶುಲ್ಕವೇ ಪತ್ರದಲ್ಲಿ ಕೇಳಿದ ಹಣವನ್ನು ಮೀರುತ್ತದೆ. ಹೀಗಾಗಿ ನಿರಪರಾಧಿಯೂ ಹಣ ತೆತ್ತು ಕೈತೊಳೆದುಕೊಳ್ಳುತ್ತಾನೆ. ಕರುಣೆ ಕಾನೂನಿನ ಪುಸ್ತಕದಲ್ಲಿದೆ, ಬಡವನ ಕೈಗೆ ಅದು ಎಟುಕುವುದಿಲ್ಲ.

ಈ ವಸೂಲಿಯ ವ್ಯವಸ್ಥೆ ಎಷ್ಟು ಕುರುಡಾಗಬಹುದೆಂಬುದಕ್ಕೆ ಕ್ಯಾರಲ್ ಹೈಸ್ಮಿತ್ ಎಂಬ ಅಮೆರಿಕದ ಛಾಯಾಗ್ರಾಹಕಿಯ ಅನುಭವವೇ ಸಾಕ್ಷಿ. ಆಕೆ ತಾನು ತೆಗೆದ ಸಾವಿರಾರು ಚಿತ್ರಗಳನ್ನು ಸಾರ್ವಜನಿಕರ ಉಪಯೋಗಕ್ಕೆಂದು ಅಲ್ಲಿನ ಸಂಸತ್ತಿನ ಗ್ರಂಥಾಲಯಕ್ಕೆ ದಾನವಾಗಿ ನೀಡಿದ್ದರು. ಆಕೆಯ ಚಿತ್ರವೊಂದನ್ನು ಆಕೆಯ ಸಂಸ್ಥೆಯ ಜಾಲತಾಣದಲ್ಲಿಯೇ ಬಳಸಿದ್ದಕ್ಕೆ 120 ಡಾಲರ್ ಕೊಡಬೇಕೆಂದು ಆಕೆಗೇ ಪತ್ರ ಬಂತು! 2016ರಲ್ಲಿ ಆಕೆ ಮೊಕದ್ದಮೆ ಹೂಡಿದರು. ಅದೇ ವರ್ಷ ನ್ಯಾಯಾಲಯ ಆಕೆಯ ಮುಖ್ಯ ವಾದಗಳನ್ನು ತಳ್ಳಿಹಾಕಿತು, ಉಳಿದುದು ರಾಜಿಯಲ್ಲಿ ಮುಗಿಯಿತು. ಎಲ್ಲರಿಗೂ ದಾನ ಕೊಟ್ಟ ವಸ್ತುವಿಗೆ ಬೇರೊಬ್ಬರು ಬೆಲೆ ಕಟ್ಟಿ ವಸೂಲಿಗಿಳಿದರೆ, ದಾನಿಯ ಕೈಯಲ್ಲೇ ತಡೆಯುವ ಅಸ್ತ್ರವಿರಲಿಲ್ಲ.

ಇನ್ನೊಂದು ಪ್ರಕರಣ ಜರ್ಮನಿಯದು. ಶಾಲಾ ಮಕ್ಕಳಿರುವ ಪ್ರತಿಯೊಂದು ಮನೆಯೂ ಇದನ್ನು ಗಮನಿಸಬೇಕು. ವಾಲ್ಟ್ರಾಪ್ ಎಂಬ ಊರಿನ ಶಾಲೆಯ ವಿದ್ಯಾರ್ಥಿಯೊಬ್ಬರು ಸ್ಪ್ಯಾನಿಷ್ ಭಾಷೆಯ ಪಾಠಕ್ಕಾಗಿ ಪ್ರಬಂಧ ಸಿದ್ಧಪಡಿಸುತ್ತ, ಪ್ರವಾಸಿ ಜಾಲತಾಣವೊಂದರಿಂದ ಕೊರ್ದೋಬಾ ನಗರದ ಚಿತ್ರವನ್ನು ತೆಗೆದುಕೊಂಡರು. ಎಲ್ಲಿಂದ ಪಡೆದದ್ದೆಂಬುದನ್ನೂ ಚಿತ್ರದ ಕೆಳಗೆ ಪ್ರಾಮಾಣಿಕವಾಗಿ ನಮೂದಿಸಿದರು. ಶಾಲೆ ಆ ಪ್ರಬಂಧವನ್ನು ತನ್ನ ಜಾಲತಾಣದಲ್ಲಿ ಹಾಕಿತು. ಚಿತ್ರ ತೆಗೆದ ಛಾಯಾಗ್ರಾಹಕರು ಆ ಪ್ರವಾಸಿ ಜಾಲತಾಣಕ್ಕೆ ಮಾತ್ರ ಅನುಮತಿ ನೀಡಿದ್ದೆನೆಂದು ಹೇಳಿ, 400 ಯೂರೋ ಪರಿಹಾರ ಕೋರಿ ನ್ಯಾಯಾಲಯಕ್ಕೆ ಹೋದರು. ಈ ಸಣ್ಣ ಮೊತ್ತದ ವ್ಯಾಜ್ಯ ಯೂರೋಪಿಯನ್ ಒಕ್ಕೂಟದ ಅತ್ಯುನ್ನತ ನ್ಯಾಯಾಲಯವನ್ನು ತಲುಪಿತು. ನ್ಯಾಯಾಲಯದ ಸಲಹೆಗಾರರಾದ ನ್ಯಾಯಾಧಿಕಾರಿಯು ಇದರಲ್ಲಿ ಉಲ್ಲಂಘನೆಯಿಲ್ಲವೆಂದು ಅಭಿಪ್ರಾಯಪಟ್ಟಿದ್ದರೂ, 2018ರ ಆಗಸ್ಟ್ 7ರಂದು ನ್ಯಾಯಾಲಯ ಛಾಯಾಗ್ರಾಹಕರ ಪರವಾಗಿ ನಿಂತಿತು. ಒಂದು ತಾಣದಲ್ಲಿ ಎಲ್ಲರಿಗೂ ಕಾಣುವ ಚಿತ್ರವನ್ನು ಇನ್ನೊಂದು ತಾಣದಲ್ಲಿ ಹೊಸದಾಗಿ ಹಾಕುವುದೂ ಒಪ್ಪಿಗೆ ಬೇಡುವ ಕೆಲಸವೇ. ಇಲ್ಲವಾದರೆ ಚಿತ್ರವನ್ನು ಹಿಂತೆಗೆದುಕೊಳ್ಳಬೇಕೆಂದು ಒಡೆಯನಿಗೆ ಅನಿಸಿದರೂ ಅದು ಆತನ ಕೈಮೀರಿ ಹೋಗಿರುತ್ತದೆ ಎಂಬುದು ತೀರ್ಪಿನ ತರ್ಕ. ಕಾನೂನು ಬಲ್ಲವರಲ್ಲೇ ಇಷ್ಟು ಭಿನ್ನಾಭಿಪ್ರಾಯವಿದ್ದ ವಿಷಯವನ್ನು ಶಾಲೆಯ ಮಗು ತಾನಾಗಿಯೇ ಅರಿತಿರಬೇಕಿತ್ತೆಂದು ಹೇಳಲಾದೀತೇ?

ಚಿತ್ರ ತೆಗೆದವನ ಅಳಲು

ಇಲ್ಲಿಯವರೆಗೆ ಓದಿ, ಛಾಯಾಗ್ರಾಹಕರೆಲ್ಲ ದುರಾಸೆಯವರೆಂದು ದಯವಿಟ್ಟು ಭಾವಿಸಬೇಡಿ. ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡೋಣ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೀಕರ ಭೂಕಂಪವಾಯಿತು. ಡೇನಿಯಲ್ ಮೊರೆಲ್ ಎಂಬ ಹೈಟಿಯ ಛಾಯಾಗ್ರಾಹಕ ಕುಸಿದ ಕಟ್ಟಡಗಳ ನಡುವೆ ನಿಂತು ತೆಗೆದ ಚಿತ್ರಗಳನ್ನು ಅಂತರಜಾಲದಲ್ಲಿ ಹಂಚಿಕೊಂಡರು. ಇನ್ನಾರೋ ಅವನ್ನು ತಮ್ಮವೆಂಬಂತೆ ಮತ್ತೆ ಹಂಚಿದರು. ಅಲ್ಲಿಂದ ಎತ್ತಿಕೊಂಡ ಎಎಫ್‌ಪಿ ಸುದ್ದಿಸಂಸ್ಥೆ ಬೇರೆಯವರ ಹೆಸರಿನಲ್ಲಿ ಅವನ್ನು ಲೋಕಕ್ಕೆಲ್ಲ ಮಾರಿತು. ಜಗತ್ತಿನ ಅತಿದೊಡ್ಡ ಚಿತ್ರಸಂಗ್ರಹ ಸಂಸ್ಥೆಗಳಲ್ಲೊಂದಾದ ಗೆಟಿ ಇಮೇಜಸ್ ಕೂಡ ವಿತರಿಸಿತು. ಮೊರೆಲ್ ಆಕ್ಷೇಪಿಸಿದಾಗ ಸುದ್ದಿಸಂಸ್ಥೆಯೇ ಮೊದಲು ನ್ಯಾಯಾಲಯಕ್ಕೆ ಹೋಯಿತು. 2013ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ತೀರ್ಪುಗಾರರ ಮಂಡಳಿ ಮೊರೆಲ್‌ಗೆ ಸುಮಾರು 12 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು.

ತನ್ನದೇ ನಾಡಿನ ಸಾವುನೋವಿನ ನಡುವೆ ದುಡಿದವನ ಹೆಸರು ಒಂದೆರಡು ದಿನಗಳಲ್ಲಿ ಅಳಿಸಿಹೋಯಿತು. ಮದುವೆ ಮನೆಗಳಲ್ಲಿ, ಹಬ್ಬದ ಮೆರವಣಿಗೆಗಳಲ್ಲಿ ಕ್ಯಾಮೆರಾ ಹೊತ್ತು ಬೆವರು ಸುರಿಸುವ ನಮ್ಮ ಊರಿನ ಛಾಯಾಗ್ರಾಹಕರ ಪಾಡೂ ಬೇರೆಯಲ್ಲ. ಅವರ ಚಿತ್ರ ಯಾರ್‍ಯಾರ ಕೈಯಲ್ಲೋ ತಿರುಗುತ್ತದೆ, ಹೆಸರು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಹಕ್ಕೇ ಬೇಡವೆನ್ನುವುದು ನ್ಯಾಯವಲ್ಲ. ಆದರೆ ಲಾಭಕ್ಕಾಗಿ ಮಾರಿದ ಸಂಸ್ಥೆಯನ್ನೂ, ಪಾಠಕ್ಕಾಗಿ ಅಂಟಿಸಿದ ಮಗುವನ್ನೂ ಒಂದೇ ಕೋಲಿನಿಂದ ಹೊಡೆಯುವುದೂ ನ್ಯಾಯವಲ್ಲ.

ಹೋರಾಟದ ಫಲಗಳು

ಈ ಎರಡರ ನಡುವಣ ಹಾದಿಯನ್ನು ಹಲವು ದೇಶಗಳು ಹಲವು ಬಗೆಯಲ್ಲಿ ಅರಸಿವೆ. ಜರ್ಮನಿಯಲ್ಲಿ ಹಕ್ಕುದಾರನ ಪರವಾಗಿ ಎಚ್ಚರಿಕೆಯ ಪತ್ರ ಬರೆಯುವ ವಕೀಲರ ಶುಲ್ಕವನ್ನು ಪತ್ರ ಪಡೆದವನೇ ತೆರಬೇಕೆಂಬ ನಿಯಮವಿತ್ತು. ಅಂತರಜಾಲ ಬಂದ ಮೇಲೆ ಇದು ಕೆಲವರಿಗೆ ಸುಲಭದ ಸಂಪಾದನೆಯಾಯಿತು. ಹಾಡು, ಚಲನಚಿತ್ರ, ಛಾಯಾಚಿತ್ರ ಎಲ್ಲದರ ಹೆಸರಿನಲ್ಲೂ ಮನೆಮನೆಗೆ ಪತ್ರಗಳು ಹೋದವು. ಗ್ರಾಹಕರ ಪರ ಸಂಘಟನೆಗಳು ದನಿಯೆತ್ತಿದವು. 2008ರಲ್ಲಿ ಸರಳ ಪ್ರಕರಣಗಳಲ್ಲಿ ಈ ಶುಲ್ಕಕ್ಕೆ 100 ಯೂರೋಗಳ ಮಿತಿ ಬಂತು. ಅದು ಸಾಲದಾದಾಗ 2013ರ ಅಕ್ಟೋಬರ್‌ನಲ್ಲಿ ಹೊಸ ಕಾನೂನು ಜಾರಿಯಾಯಿತು. ವ್ಯಾಪಾರಕ್ಕಲ್ಲದೆ ತಪ್ಪು ಮಾಡಿದ ವ್ಯಕ್ತಿಯ ವಿಷಯದಲ್ಲಿ ಶುಲ್ಕವನ್ನು ಲೆಕ್ಕಹಾಕುವ ಆಧಾರಮೊತ್ತ 1,000 ಯೂರೋಗಳನ್ನು ಮೀರುವಂತಿಲ್ಲ. ಹಕ್ಕುದಾರ ಯಾರು, ತಪ್ಪೇನು, ಕೇಳಿದ ಹಣದ ವಿವರವೇನು ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಪತ್ರ ಆಧಾರವಿಲ್ಲದ್ದಾಗಿದ್ದರೆ ಪಡೆದವನು ತನ್ನ ಖರ್ಚನ್ನು ಕಳುಹಿಸಿದವನಿಂದಲೇ ವಸೂಲು ಮಾಡಬಹುದು.

ಬ್ರಿಟನ್ನಿನಲ್ಲಿ ಪ್ರಾಧ್ಯಾಪಕ ಇಯಾನ್ ಹಾರ್ಗ್ರೀವ್ಸ್ ಅವರು 2011ರಲ್ಲಿ ಸರಕಾರಕ್ಕೆ ಸಲ್ಲಿಸಿದ ವರದಿ, ಸಣ್ಣವರಿಗೆ ನ್ಯಾಯಾಲಯವೇ ಎಟುಕದಂತಾಗಿರುವುದನ್ನು ಎತ್ತಿತೋರಿಸಿತು. ಮರುವರ್ಷ, 2012ರ ಅಕ್ಟೋಬರ್‌ನಲ್ಲಿ, ಸಣ್ಣ ಮೊತ್ತದ ವ್ಯಾಜ್ಯಗಳಿಗಾಗಿ ಸರಳವಾದ ವಿಭಾಗವೊಂದು ಆರಂಭವಾಯಿತು. ಅಲ್ಲಿ ವಕೀಲರಿಲ್ಲದೆಯೂ ವಾದಿಸಬಹುದು. ಛಾಯಾಗ್ರಾಹಕನಿಗೂ ಪತ್ರ ಪಡೆದವನಿಗೂ ಅದು ಸಮಾನ ಬಾಗಿಲು. ಆದರೆ 2017ರಲ್ಲಿ ಆಧಾರವಿಲ್ಲದ ಬೆದರಿಕೆಗಳನ್ನು ತಡೆಯುವ ಕಾನೂನನ್ನು ಅಲ್ಲಿನ ಸಂಸತ್ತು ಪರಿಷ್ಕರಿಸಿದಾಗ ಪೇಟೆಂಟು, ವ್ಯಾಪಾರಮುದ್ರೆ, ವಿನ್ಯಾಸಗಳಿಗಷ್ಟೇ ಅದು ಸೀಮಿತವಾಯಿತು, ಹಕ್ಕುಸ್ವಾಮ್ಯ ಹೊರಗೇ ಉಳಿಯಿತು.

ಅಮೆರಿಕದಲ್ಲಿ ಒಡೆಯನಾರೆಂದು ತಿಳಿಯದ ‘ಅನಾಥ ಕೃತಿ’ಗಳನ್ನು ಶ್ರದ್ಧೆಯಿಂದ ಹುಡುಕಿದ ಮೇಲೆ ಬಳಸಿದವರಿಗೆ ಕಡಿಮೆ ಹೊಣೆಯಿರಲಿ ಎಂಬ ಮಸೂದೆ 2008ರಲ್ಲಿ ಸೆನೆಟ್‌ನಲ್ಲಿ ಅಂಗೀಕಾರವಾಯಿತು. ತಮ್ಮ ಚಿತ್ರಗಳೆಲ್ಲ ಅನಾಥವೆನಿಸಿಯಾವೆಂದು ಛಾಯಾಗ್ರಾಹಕರೂ ಚಿತ್ರಕಾರರೂ ಪ್ರತಿಭಟಿಸಿದರು, ಮಸೂದೆ ಕಾನೂನಾಗಲಿಲ್ಲ. 2022ರ ಜೂನ್‌ನಲ್ಲಿ ಸಣ್ಣ ಹಕ್ಕುಸ್ವಾಮ್ಯ ವ್ಯಾಜ್ಯಗಳಿಗಾಗಿ ಒಂದು ಮಂಡಳಿ ಕೆಲಸ ಆರಂಭಿಸಿತು. ಅದು ಒಂದು ಪ್ರಕರಣದಲ್ಲಿ 30,000 ಡಾಲರಿಗಿಂತ ಹೆಚ್ಚು ವಿಧಿಸುವಂತಿಲ್ಲ. ಬೇಡವೆಂದರೆ ಆರೋಪಿತನು 60 ದಿನಗಳೊಳಗೆ ಹೊರಗುಳಿಯಬಹುದು. ಛಾಯಾಗ್ರಾಹಕರ ಸಂಘಗಳು ಇದನ್ನು ಸ್ವಾಗತಿಸಿದರೆ, ನಾಗರಿಕ ಹಕ್ಕುಗಳ ಸಂಘಟನೆಗಳು ಸಾಮಾನ್ಯರು ಇದರಲ್ಲಿ ಸಿಲುಕಿಯಾರೆಂದು ಎಚ್ಚರಿಸಿದವು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಪರಿಹಾರ ಯಾವ ಸಂಸತ್ತಿನಿಂದಲೂ ಬಂದದ್ದಲ್ಲ. ತಮ್ಮ ಕೃತಿಯನ್ನು ಇತರರು ಬಳಸಲಿ, ಆದರೆ ಹೆಸರನ್ನು ಉಳಿಸಲಿ ಎಂದು ಬಯಸುವವರಿಗಾಗಿ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ 2002ರಿಂದ ಸರಳ ಪರವಾನಗಿಗಳನ್ನು ರೂಪಿಸಿದೆ. ಮೊದಮೊದಲು ನಿಬಂಧನೆಯೊಂದನ್ನು ಮೀರಿದರೆ ಪರವಾನಗಿ ಅಲ್ಲಿಗೇ ರದ್ದಾಗುತ್ತಿತ್ತು. 2013ರ ನಾಲ್ಕನೆಯ ಆವೃತ್ತಿಯಲ್ಲಿ ಒಂದು ಬದಲಾವಣೆ ಬಂತು: ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ಪರವಾನಗಿ ತಾನಾಗಿಯೇ ಮರಳುತ್ತದೆ. ತಿದ್ದಿಕೊಳ್ಳುವವನಿಗೆ ಒಂದು ತಿಂಗಳ ಕಾಲಾವಕಾಶ! ಎಷ್ಟು ಸರಳವಾದ, ಎಷ್ಟು ಮನುಷ್ಯೋಚಿತವಾದ ನಿಯಮ.

ನಮ್ಮ ನೆಲದ ಕಾನೂನು

ಹಾಗಾದರೆ ನಮ್ಮ ದೇಶದಲ್ಲಿ? ಬ್ರಿಟಿಷರ 1911ರ ಶಾಸನವನ್ನು 1914ರಲ್ಲಿ ಭಾರತಕ್ಕೂ ಅನ್ವಯಿಸಲಾಯಿತು. ಹಕ್ಕುಸ್ವಾಮ್ಯವಿದೆಯೆಂದು ಅರಿಯದವನಿಂದ ನಷ್ಟಪರಿಹಾರ ಪಡೆಯುವಂತಿಲ್ಲ ಎಂಬ ಮಾತು ಅದರಲ್ಲಿಯೇ ಇತ್ತು. ಸ್ವತಂತ್ರ ಭಾರತದ 1957ರ ಹಕ್ಕುಸ್ವಾಮ್ಯ ಅಧಿನಿಯಮ ಆ ತತ್ತ್ವವನ್ನು 55ನೆಯ ಪ್ರಕರಣದಲ್ಲಿ ಉಳಿಸಿಕೊಂಡಿದೆ. ಕೃತಿಗೆ ಹಕ್ಕುಸ್ವಾಮ್ಯವಿದೆಯೆಂದು ತಿಳಿದಿರಲಿಲ್ಲ, ಹಾಗೆಂದು ನಂಬಲು ಸಕಾರಣವೂ ಇರಲಿಲ್ಲ ಎಂದು ಒಬ್ಬನು ಸಾಬೀತುಪಡಿಸಿದರೆ, ಹಕ್ಕುದಾರನಿಗೆ ದೊರೆಯುವುದು ಬಳಕೆಯನ್ನು ನಿಲ್ಲಿಸುವ ಆದೇಶ ಮತ್ತು ನಕಲು ಮಾರಿ ಬಂದ ಲಾಭದಲ್ಲಿ ನ್ಯಾಯಾಲಯ ಯುಕ್ತವೆಂದು ಕಂಡ ಪಾಲು ಮಾತ್ರ. ಕ್ರಿಮಿನಲ್ ಶಿಕ್ಷೆ ಹೇಳುವ 63ನೆಯ ಪ್ರಕರಣವೂ ‘ತಿಳಿದೂ’ ಮಾಡಿದವನನ್ನೇ ಹಿಡಿಯುತ್ತದೆ. ಆಧಾರವಿಲ್ಲದೆ ಮೊಕದ್ದಮೆಯ ಬೆದರಿಕೆ ಹಾಕಿದವನ ವಿರುದ್ಧವೇ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆಯನ್ನೂ ನಷ್ಟವನ್ನೂ ಕೇಳಲು 60ನೆಯ ಪ್ರಕರಣ ಅವಕಾಶ ಕೊಡುತ್ತದೆ. ಬೆದರಿಸಿದವನು ತಾನೇ ತಕ್ಕ ಶ್ರದ್ಧೆಯಿಂದ ದಾವೆ ಹೂಡಿ ನಡೆಸಿದರೆ ಮಾತ್ರ ಅದು ಅನ್ವಯಿಸದು. ಬ್ರಿಟನ್ನಿನ ಸಂಸತ್ತು 2017ರಲ್ಲಿ ಹಕ್ಕುಸ್ವಾಮ್ಯಕ್ಕೆ ಕೊಡದೆ ಬಿಟ್ಟ ರಕ್ಷಣೆ ನಮ್ಮಲ್ಲಿ ಮೊದಲೇ ಇದೆ.

ಆದರೂ ನೆಮ್ಮದಿಯಿಂದ ಕಣ್ಣುಮುಚ್ಚುವಂತಿಲ್ಲ. ‘ಹಕ್ಕಿದೆಯೆಂದು ಗೊತ್ತಿರಲಿಲ್ಲ’ ಎಂಬ ಮಾತು ಇಂದು ಬಲವಾದ ಗುರಾಣಿಯಲ್ಲ. ತೆಗೆದ ಪ್ರತಿಯೊಂದು ಚಿತ್ರಕ್ಕೂ ಹಕ್ಕು ತಾನಾಗಿಯೇ ಹುಟ್ಟುವ ಕಾಲದಲ್ಲಿ, ಯಾವುದೋ ಚಿತ್ರಕ್ಕೆ ಹಕ್ಕಿಲ್ಲವೆಂದು ನಂಬಲು ಕಾರಣವೇನಿತ್ತು ಎಂದು ನ್ಯಾಯಾಲಯ ಕೇಳೀತು. ‘ಹಕ್ಕಿರಬಹುದು, ಆದರೆ ಬಳಸಬಹುದೆಂದು ಭಾವಿಸಿದೆ’ ಎಂಬುದಕ್ಕೆ ಈ ಪ್ರಕರಣದಲ್ಲಿ ಜಾಗವಿಲ್ಲ. ಅಲ್ಲದೆ 2012ರ ತಿದ್ದುಪಡಿಯಿಂದ ಛಾಯಾಚಿತ್ರದ ಹಕ್ಕು ತೆಗೆದವರ ಜೀವಿತಕಾಲ ಮತ್ತು ಆಮೇಲೆ 60 ವರ್ಷಗಳವರೆಗೆ ವಿಸ್ತರಿಸಿದೆ. ಹೆಸರೇ ಇಲ್ಲದ ಚಿತ್ರದ ಒಡೆಯ ಎಂದು ತೀರಿಕೊಂಡನೆಂದು ಯಾರು ತಾನೇ ಬಲ್ಲರು?

ಆದ್ದರಿಂದ ಓದುಗರೇ, ಅಲ್ಲಿನ ಹೋರಾಟಗಳು ಕಲಿಸಿದ ಮೂರು ಮಾತುಗಳನ್ನು ನಮ್ಮ ಶಾಸನಕಾರರೂ ಕಿವಿಗೊಟ್ಟು ಕೇಳಲಿ ಎಂಬುದು ನನ್ನ ಆಸೆ. ಲಾಭವಿಲ್ಲದೆ ಬಳಸಿದವನಿಗೆ ಮೊದಲು ತಿಳಿವಳಿಕೆ, ತಿದ್ದಿಕೊಳ್ಳಲು ಕೆಲವು ದಿನಗಳ ಅವಕಾಶ, ಆಮೇಲೆ ಹಣದ ಮಾತು. ಹಣ ಕೇಳಿದರೂ ಅದು ಆ ಚಿತ್ರದ ನಿಜವಾದ ಬೆಲೆಗೆ ತಕ್ಕಂತಿರಲಿ. ಕೇಳುವವನು ತಾನೇ ಒಡೆಯನೆಂಬ ಪುರಾವೆಯನ್ನು ಪತ್ರದೊಡನೆಯೇ ತೋರಿಸಲಿ.

ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಚಿತ್ರ ಬೇಕಾದಾಗ ಮೊದಲು ನಮ್ಮ ಧರ್ಮಕೇಂದ್ರದ ಮಕ್ಕಳ ಕೈಗೇ ಕ್ಯಾಮೆರಾ ಕೊಡೋಣ. ನಮ್ಮೂರ ಬೆಟ್ಟದ ಮೇಲೂ ಸೂರ್ಯ ಮೂಡುತ್ತಾನೆ. ಬೇರೆಯವರದು ಬೇಕಿದ್ದರೆ ಒಂದು ಸಾಲಿನ ಪತ್ರ ಬರೆದು ಕೇಳೋಣ, ಅಥವಾ ಮುಕ್ತ ಪರವಾನಗಿಯ ಚಿತ್ರವನ್ನು ಆರಿಸಿ ಅದರ ನಿಬಂಧನೆಯನ್ನು ಪಾಲಿಸೋಣ. ಹಣ ಕೇಳಿ ಪತ್ರ ಬಂದರೆ ಹರಿದು ಬಿಸಾಡಬೇಡಿ, ಹೆದರಿ ಕೂಡಲೇ ಹಣವನ್ನೂ ಕಳುಹಿಸಬೇಡಿ. ಚಿತ್ರವನ್ನು ತೆಗೆದುಹಾಕಿ, ಒಡೆತನದ ಪುರಾವೆ ಕೇಳಿ, ಬಲ್ಲ ವಕೀಲರೊಬ್ಬರ ಸಲಹೆ ಪಡೆಯಿರಿ. ತಪ್ಪು ನಮ್ಮದೇ ಎಂದು ತಿಳಿದರೆ ಕ್ಷಮೆ ಕೇಳಿ, ನ್ಯಾಯವಾದ ಬೆಲೆಯನ್ನು ತೆರಲು ಹಿಂಜರಿಯಬೇಡಿ.

ಹೊಗಾರ್ತ್ ತನ್ನ ತಗಡಿನ ಮೂಲೆಯಲ್ಲಿ ಹೆಸರು ಕೆತ್ತಿದ್ದು ಕಳ್ಳರಿಗೆ ಎಚ್ಚರಿಕೆಯಾಗಿ. ಆದರೆ ಅದು ಅರಿಯದವರಿಗೆ ದೀಪವೂ ಆಗಿತ್ತು. ಮರೆತ ಕಲಾವಿದನ ಮೇಲಿನ ಕನಿಕರದಿಂದ ಲೋಕ ಆ ಹೆಸರಿನ ಕಡ್ಡಾಯವನ್ನು ಕೈಬಿಟ್ಟಿತು. ಅದೇ ಕನಿಕರ ಈಗ ಅರಿಯದೆ ಬಳಸಿದವನಿಗೂ ದೊರೆಯಲಿ ಎಂದು ಕೇಳುವುದು ಅತಿಯಾಸೆಯಲ್ಲ. ಹೆಸರನ್ನು ಮತ್ತೆ ಚಿತ್ರದ ಕೆಳಗೆ ಬರೆಯಲು ಮಾತ್ರ ಯಾವ ಕಾನೂನಿಗೂ ಕಾಯಬೇಕಾಗಿಲ್ಲ. ಮುಂದಿನ ಹಬ್ಬದ ಆಮಂತ್ರಣ ಪತ್ರಿಕೆಯಲ್ಲಿ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಹೆಸರು ಇರಲಿ. ಅದು ನಿಮ್ಮದೇ ಬೀದಿಯ ಹುಡುಗಿಯೊಬ್ಬಳ ಹೆಸರಾಗಿದ್ದರೆ ಇನ್ನೂ ಚೆನ್ನ.